ಟೀವಿಗೆ ಮನೆಯಲ್ಲೇ ಒಂದು ನಿಲಯ



ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡಿದವರಿಗೆಲ್ಲ ಆ ದೊಡ್ಡ ಬೋಗುಣಿಗಳ ಪರಿಚಯ ಉಂಟು. ಆಕಾಶಕ್ಕೆ ಮುಖ ಮಾಡಿ ನಿಂತ ಆ ಆಂಟೆನಾಗಳು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರಕ್ಕೆ ಸೇರಿದವು. ಊರಿನವರ ಬಾಯಲ್ಲಿ ಅದು ‘ಎಂಸಿಎಫ್’. 1982ರಲ್ಲಿ ಅದು ಕೆಲಸ ಆರಂಭಿಸಿತು. ಅಲ್ಲಿಂದ ಟೀವಿ ಕಾರ್ಯಕ್ರಮ ಪ್ರಸಾರವಾಗುತ್ತದೆ ಎಂದು ಅನೇಕರು ತಿಳಿದಿದ್ದರು. ವಾಸ್ತವವಾಗಿ ಅದರ ಕೆಲಸ ಬೇರೆ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ತನ್ನ ಜಾಗ ಬಿಟ್ಟು ಕದಲದಂತೆ, ಮುಖ ತಿರುಗಿಸದಂತೆ ನೋಡಿಕೊಳ್ಳುವುದು ಅದರ ಹೊಣೆ. ಮೇಲಿರುವ ಆ ಪೆಟ್ಟಿಗೆ ಸರಿಯಾಗಿ ನಿಂತರೆ ಮಾತ್ರ ಕೆಳಗಿರುವ ಲಕ್ಷಾಂತರ ಪೆಟ್ಟಿಗೆಗಳಲ್ಲಿ ಚಿತ್ರ ಮೂಡುತ್ತದೆ.

ಆ ಕೆಲಸ ಸುಲಭದ್ದಾಗಿರಲಿಲ್ಲ. 1982ರ ಏಪ್ರಿಲ್ 10ರಂದು ಹಾರಿದ ಇನ್‌ಸ್ಯಾಟ್-1ಎ ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಕೈಬಿಟ್ಟಿತು. 1983ರ ಆಗಸ್ಟ್ 30ರಂದು ‘ಚಾಲೆಂಜರ್’ ನೌಕೆಯಲ್ಲಿ ಹೋದ ಇನ್‌ಸ್ಯಾಟ್-1ಬಿ ಕೂಡ ಮೊದಲಿಗೆ ಹಟ ಹಿಡಿಯಿತು. ಅದರ ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಸೆಪ್ಟೆಂಬರ್ ನಡುವಿನ ಹೊತ್ತಿಗೆ, ನಿಯಂತ್ರಕರ ಎಡೆಬಿಡದ ಪ್ರಯತ್ನದ ನಂತರ ಅದು ತೆರೆದುಕೊಂಡಿತು. ಆ ಮೇಲೆ ದೇಶದ ಟೀವಿ ಕಾಲ ನಿಜವಾಗಿ ಶುರುವಾಯಿತು ಎನ್ನಬೇಕು.

ಇಂದಿನ ಮಾತು ಉಪಗ್ರಹದ್ದಲ್ಲ. ಕಂಪ್ಯೂಟರನ್ನು ಟೀವಿಗೆ ಜೋಡಿಸಿ ಮನೆಯಲ್ಲೇ ಒಂದು ಆಟದ ಯಂತ್ರ ಮಾಡಿಕೊಳ್ಳುವುದರ ಬಗ್ಗೆ. ಎತ್ತಣ ಮಾಮರ, ಎತ್ತಣ ಕೋಗಿಲೆ ಎನಿಸಬಹುದು. ಆದರೆ ಎರಡಕ್ಕೂ ನಂಟಿದೆ. ಆ ನಂಟು ಅರ್ಥವಾದರೆ ಟೀವಿ ಹಿಂದಿನ ತಂತಿಗಳೂ ಅರ್ಥವಾಗುತ್ತವೆ.

ಮಹಡಿ ಮೇಲಿನ ಹುಡುಗ

ಕರ್ನಾಟಕಕ್ಕೆ ಟೀವಿ ಬಂದದ್ದು ಬೆಂಗಳೂರಿನಿಂದಲ್ಲ. 1975ರ ಆಗಸ್ಟ್ ಒಂದರಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಸಮುದಾಯದ ಟೀವಿ ಬಂತು. ಅವುಗಳಲ್ಲಿ ಕರ್ನಾಟಕದ ಪಾಲು ಗುಲ್ಬರ್ಗಾ, ರಾಯಚೂರು, ವಿಜಾಪುರ ಸೀಮೆಯ ಹಳ್ಳಿಗಳಿಗೆ ದಕ್ಕಿತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ ಒಂದರಂದು. 1982ರ ಆಗಸ್ಟ್ 15ರಂದು ಬಣ್ಣ ಬಂತು, ರಾಷ್ಟ್ರೀಯ ಕಾರ್ಯಕ್ರಮವೂ ಬಂತು.

ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 180 ಕಿ.ಮೀ. ಟೀವಿ ತರಂಗ ಅಷ್ಟು ದೂರ ನೇರವಾಗಿ ಬರಲಾರದು. ಅದು ಹೆಚ್ಚು ಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಹೋಗಿ ನೆಲದ ಉಬ್ಬಿನ ಹಿಂದೆ ಮರೆಯಾಗುತ್ತದೆ. ಇದಕ್ಕೆ ಪರಿಹಾರವಾಗಿ 1984ರ ಸುಮಾರಿಗೆ ದೇಶದ ಊರೂರಿಗೆ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಬಂದವು. ದಿನಕ್ಕೊಂದು ಎನ್ನುವ ವೇಗದಲ್ಲಿ ಅವು ತಲೆ ಎತ್ತಿದವು. ದೆಹಲಿಯಿಂದ ಮೇಲಕ್ಕೆ ಹೋದ ಚಿತ್ರ ಉಪಗ್ರಹದಿಂದ ಕೆಳಗಿಳಿದು, ಈ ಕೇಂದ್ರದ ತಟ್ಟೆಗೆ ಬಿದ್ದು, ಅಲ್ಲಿಂದ 100 ವಾಟ್ ಶಕ್ತಿಯಲ್ಲಿ ಸುತ್ತ ಹರಡುತ್ತಿತ್ತು. ಅದರ ಕೈ ಎಟುಕುತ್ತಿದ್ದದ್ದು ಹದಿನೈದರಿಂದ ಇಪ್ಪತ್ತೈದು ಕಿ.ಮೀ. ತನಕ ಮಾತ್ರ.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ಜಿಲ್ಲಾ ಕೇಂದ್ರದಿಂದ ಮೂವತ್ತು, ನಲವತ್ತು ಕಿ.ಮೀ. ದೂರದ ಊರುಗಳು. ಅಂಥ ದೂರಕ್ಕೆ ತರಂಗ ಬರುವಾಗ ಬಡಕಲಾಗಿರುತ್ತದೆ. ಆದ್ದರಿಂದಲೇ ಇಂಥ ಊರುಗಳಲ್ಲಿ ಹೆಂಚಿನ ಮನೆಯ ಮೇಲೆ ಮನೆಗಿಂತ ಎತ್ತರದ ಕಬ್ಬಿಣದ ಕೊಳವೆ, ಅದರ ತುದಿಗೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ, ಕೆಳಗೆ ಬೂಸ್ಟರ್. ಗಾಳಿ ಬೀಸಿದರೆ ಚಿತ್ರ ಹೋಯಿತು. ಕಾಗೆ ಕೂತರೆ ಚಿತ್ರ ಹೋಯಿತು. ಆಗ ಮಹಡಿ ಮೇಲೊಬ್ಬ ಹುಡುಗ ಕೊಳವೆ ತಿರುಗಿಸುತ್ತಿದ್ದ. ನಡುಮನೆಯಲ್ಲಿ ಅಜ್ಜ ಪರದೆ ನೋಡುತ್ತಿದ್ದರು. ಬಾಗಿಲಲ್ಲಿ ನಿಂತ ತಾಯಿ ಇಬ್ಬರ ನಡುವೆ ಟಪಾಲು ಸಾಗಿಸುತ್ತಿದ್ದರು. ‘ಬಂತಾ?’ ‘ಇಲ್ಲ ಕಣೋ, ಇನ್ನೂ ಒಂಚೂರು.’ ‘ಈಗ?’ ‘ಬಂತು, ಬಂತು... ಅಯ್ಯೋ, ಹೋಯ್ತು!’ ಇಲ್ಲಿ ಕುಳಿತ ಹಿರಿಯರಲ್ಲಿ ಆ ಕೊಳವೆ ತಿರುಗಿಸದವರು ಕಡಿಮೆ.

ದೇಶದ ಉಪಗ್ರಹವನ್ನು ನಿಲ್ಲಿಸಿ ಹಿಡಿದ ಜಿಲ್ಲೆಯಲ್ಲೇ ಚಿತ್ರಕ್ಕಾಗಿ ಇಷ್ಟು ಪರದಾಟವಿತ್ತು ಎಂಬುದನ್ನು ನೆನಪಿಡಬೇಕು. ಚಿತ್ರ ಎಂದರೆ ಆಗ ಆಕಾಶದಿಂದ ಇಳಿಯುವ ವಸ್ತು. ಅದು ಬಂದಾಗ ನೋಡಬೇಕು, ಬಂದದ್ದನ್ನು ನೋಡಬೇಕು. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಧಾರಾವಾಹಿ ಬರುವಾಗ ಬೀದಿಗಳು ಖಾಲಿಯಾಗುತ್ತಿದ್ದದ್ದು ಇದೇ ಕಾರಣಕ್ಕೆ. ಟೀವಿಗೆ ನೋಡುಗ ಏನನ್ನೂ ಹೇಳುವಂತಿರಲಿಲ್ಲ.

ಒಂದೇ ಕಿವಿಯ ಯಂತ್ರ

ನೋಡುಗನೂ ಟೀವಿಗೆ ಏನಾದರೂ ಹೇಳಬಹುದಲ್ಲ ಎಂದು ಯೋಚಿಸಿದವನು ರಾಲ್ಫ್ ಬೇರ್ ಎಂಬ ಅಮೆರಿಕದ ಎಂಜಿನಿಯರ್. 1966ರಲ್ಲಿ ಆತ ಈ ವಿಚಾರವನ್ನು ಕೆಲವು ಪುಟಗಳಲ್ಲಿ ಬರೆದಿಟ್ಟ. ಅದರ ಫಲವಾಗಿ 1972ರಲ್ಲಿ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ ಎಂಬ ಮನೆ ಆಟದ ಯಂತ್ರ ಮಾರುಕಟ್ಟೆಗೆ ಬಂತು. ಅದೇ ವರ್ಷ ಅಟಾರಿ ಕಂಪನಿಯ ‘ಪಾಂಗ್’ ಆಟ ಕಾಸು ಹಾಕಿ ಆಡುವ ಪೆಟ್ಟಿಗೆಯಾಗಿ ಬಂದು, 1975ರಲ್ಲಿ ಮನೆಗೂ ಬಂತು. ಎರಡು ಗೆರೆ, ಒಂದು ಚುಕ್ಕೆ. ಚುಕ್ಕೆಯನ್ನು ಗೆರೆಯಿಂದ ಹೊಡೆಯಬೇಕು. ಅಷ್ಟೇ. ಆದರೆ ಟೀವಿ ಅಂದು ಮೊದಲ ಬಾರಿಗೆ ಕೈಯ ಮಾತು ಕೇಳಿತು.

ಅಲ್ಲಿ ಒಂದು ತೊಡಕಿತ್ತು. ಆ ಕಾಲದ ಟೀವಿಗೆ ಒಂದೇ ಕಿವಿ, ಅದು ಆಂಟೆನಾ ಸಿಕ್ಕಿಸುವ ಜಾಗ. ಆ ಕಿವಿಗೆ ತಿಳಿಯುವುದು ನಿಲಯದ ಭಾಷೆ ಮಾತ್ರ. ಗೊತ್ತಾದ ಒಂದು ಕಂಪನಾಂಕದ ಅಲೆಯ ಬೆನ್ನ ಮೇಲೆ ಚಿತ್ರ ಹೊರಿಸಿ ಕಳಿಸಿದರೆ ಅದು ಕೇಳಿಸಿಕೊಳ್ಳುತ್ತದೆ. ಬರಿಯ ಚಿತ್ರ ಕೊಟ್ಟರೆ ಅದಕ್ಕೆ ಏನೂ ತಿಳಿಯದು.

ಆದ್ದರಿಂದ ಆಟದ ಪೆಟ್ಟಿಗೆಯೊಳಗೆ ಒಂದು ಪುಟ್ಟ ನಿಲಯವನ್ನೇ ಕೂರಿಸಿದರು. ಬೆಂಕಿಪೊಟ್ಟಣದಷ್ಟು ದೊಡ್ಡದಾದ ತಗಡಿನ ಡಬ್ಬಿ ಅದು. ಅದರ ಹೆಸರು ಮಾಡ್ಯುಲೇಟರ್. ಆಟದ ಚಿತ್ರವನ್ನು ತೆಗೆದುಕೊಂಡು, 3 ಅಥವಾ 4ನೇ ಚಾನೆಲಿನ ಅಲೆಯ ಮೇಲೆ ಹೊರಿಸಿ, ಒಂದು ಗಜ ತಂತಿಯ ಮೂಲಕ ಆಂಟೆನಾ ಕಿವಿಗೆ ಊದುವುದು ಅದರ ಕೆಲಸ. ದೆಹಲಿಯಿಂದ ಉಪಗ್ರಹಕ್ಕೆ ಹೋಗಿ ಬಂದ ಚಿತ್ರವೋ, ಪಕ್ಕದ ಡಬ್ಬಿಯಿಂದ ಬಂದ ಚಿತ್ರವೋ ಎಂಬುದು ಟೀವಿಗೆ ಗೊತ್ತಾಗುತ್ತಿರಲಿಲ್ಲ. ಮರುಪ್ರಸಾರ ಕೇಂದ್ರ ಊರಿಗೆಲ್ಲ ಮಾಡುವ ಕೆಲಸವನ್ನು ಈ ಡಬ್ಬಿ ಒಂದು ಮನೆಗೆ ಮಾಡುತ್ತಿತ್ತು. ಮೊದಲು ಹೇಳಿದ ನಂಟು ಇದೇ.

ದೇಶ ದೇಶದ ಟೀವಿ ಭಾಷೆ

ಈ ಪೆಟ್ಟಿಗೆಗಳು ಭಾರತಕ್ಕೆ ಬಂದ ದಾರಿ ಹಲವು. ಕೊಲ್ಲಿ ದೇಶದಿಂದ, ಸಿಂಗಪುರದಿಂದ, ಅಮೆರಿಕದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲಿ ಕೆಲವು ಬಂದವು. ಮಕ್ಕಳು ಆಸೆಯಿಂದ ಜೋಡಿಸಿದರೆ ಚಿತ್ರ ಸರಿಯಾಗಿ ಬರುತ್ತಿರಲಿಲ್ಲ. ಯಂತ್ರ ಕೆಟ್ಟಿದೆ ಎಂದು ಎಷ್ಟೋ ಮನೆಗಳಲ್ಲಿ ಅದು ಅಟ್ಟ ಸೇರಿತು. ಬಹುಪಾಲು ಅದು ಕೆಟ್ಟಿರಲಿಲ್ಲ, ಭಾಷೆ ಬೇರೆಯಾಗಿತ್ತು ಅಷ್ಟೆ.

ಮೊದಲನೆಯ ತೊಡಕು ತಂತಿಯದು. ಹಳೆಯ ಸೆಟ್ಟುಗಳ ಬೆನ್ನಿನಲ್ಲಿ ಎರಡು ತಿರುಪುಮೊಳೆ ಇರುತ್ತಿದ್ದವು. ಅದಕ್ಕೆ ಚಪ್ಪಟೆಯಾದ 300 ಓಂ ತಂತಿ. ಆಟದ ಯಂತ್ರದಿಂದ ಹೊರಡುವುದು ದುಂಡನೆಯ 75 ಓಂ ತಂತಿ. ಎರಡನ್ನೂ ಸುಮ್ಮನೆ ಬೆಸೆದರೆ ಸಂಕೇತದ ಒಂದು ಭಾಗ ಹಿಂದಕ್ಕೆ ಪುಟಿದು ಚಿತ್ರದ ಪಕ್ಕ ನೆರಳು ಮೂಡುತ್ತದೆ. ನಡುವೆ ‘ಬಾಲನ್’ ಎಂಬ ಬೆರಳುದ್ದದ ಟ್ರಾನ್ಸ್‌ಫಾರ್ಮರ್ ಹಾಕಬೇಕು. ರಿಪೇರಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತಿದ್ದ ವಸ್ತು ಅದು.

ಎರಡನೆಯದು ಚಿತ್ರದ ಪದ್ಧತಿ. ಭಾರತ ಆರಿಸಿಕೊಂಡದ್ದು ಯುರೋಪಿನ ‘ಪಾಲ್’ ಪದ್ಧತಿ. ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕ, ಜಪಾನುಗಳದು ‘ಎನ್‌ಟಿಎಸ್‌ಸಿ’. ಅಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಗುಣಿಸಿ ನೋಡಿದರೆ ಸೆಕೆಂಡಿಗೆ ಬರೆಯುವ ಗೆರೆಗಳ ಸಂಖ್ಯೆ ಎರಡರಲ್ಲೂ ಬಹುತೇಕ ಒಂದೇ. ಇಲ್ಲಿ 15,625, ಅಲ್ಲಿ 15,734. ಹೀಗಾಗಿ ಅಮೆರಿಕದ ಯಂತ್ರದ ಚಿತ್ರ ಇಲ್ಲಿನ ಟೀವಿಯಲ್ಲಿ ಮೂಡುತ್ತಿತ್ತು, ಆದರೆ ಮೇಲಕ್ಕೆ ಉರುಳುತ್ತಿತ್ತು. ‘ವರ್ಟಿಕಲ್ ಹೋಲ್ಡ್’ ಗುಬುಟು ತಿರುಗಿಸಿದರೆ ನಿಲ್ಲುತ್ತಿತ್ತು. ಬಣ್ಣ ಮಾತ್ರ ಬರುತ್ತಿರಲಿಲ್ಲ. ಏಕೆಂದರೆ ಬಣ್ಣದ ಸಂಕೇತವನ್ನು ಪಾಲ್ 4.43 ಮೆಗಾಹರ್ಟ್ಸ್‌ನಲ್ಲಿ ಹುಡುಕುತ್ತದೆ, ಆ ಯಂತ್ರ ಕಳಿಸುವುದು 3.58ರಲ್ಲಿ. ಕಪ್ಪು ಬಿಳುಪು ಟೀವಿ ಇದ್ದವರಿಗೆ ಈ ನಷ್ಟ ತಿಳಿಯುತ್ತಲೇ ಇರಲಿಲ್ಲ.

ಮೂರನೆಯದು ಇನ್ನೂ ವಿಚಿತ್ರ. ಇಂಗ್ಲೆಂಡ್, ಹಾಂಗ್‌ಕಾಂಗ್‌ಗಳದೂ ಪಾಲ್ ಪದ್ಧತಿಯೇ. ಆದರೆ ಅಲ್ಲಿ ಶಬ್ದವನ್ನು ಚಿತ್ರದಿಂದ 6 ಮೆಗಾಹರ್ಟ್ಸ್ ದೂರದಲ್ಲಿ ಕಳಿಸುತ್ತಿದ್ದರು. ಭಾರತದಲ್ಲಿ ಆ ದೂರ 5.5. ಅಲ್ಲಿಂದ ಬಂದ ಯಂತ್ರ ಜೋಡಿಸಿದರೆ ಬಣ್ಣದ ಚಿತ್ರ ಬರುತ್ತಿತ್ತು, ಶಬ್ದ ಮಾತ್ರ ಬರಿಯ ಬುಸ್ ಎನ್ನುವ ಸದ್ದು. ಡಬ್ಬಿಯೊಳಗಿನ ಒಂದು ಸುರುಳಿಯ ತಿರುಪನ್ನು ಚೂರು ತಿರುಗಿಸಿದರೆ ಮೂಕ ಯಂತ್ರ ಮಾತಾಡುತ್ತಿತ್ತು. ಇದನ್ನು ಬಲ್ಲ ರಿಪೇರಿಯವರು ಆ ಕಾಲದ ಮಕ್ಕಳ ಕಣ್ಣಿಗೆ ಮಂತ್ರವಾದಿಗಳಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಕ್ಯಾಸೆಟ್ಟಿನಿಂದ ಬಂದ ಆಟ

ಇದೇ ದಾರಿಯಲ್ಲಿ ಕಂಪ್ಯೂಟರ್ ಕೂಡ ಟೀವಿಗೆ ಬಂತು. ಪ್ರತ್ಯೇಕ ಪರದೆ ಕೊಳ್ಳುವ ಶಕ್ತಿ ಮಧ್ಯಮ ವರ್ಗಕ್ಕೆ ಎಲ್ಲಿಯೂ ಇರಲಿಲ್ಲ. ಇಂಗ್ಲೆಂಡಿನಲ್ಲಿ 1982ರಲ್ಲಿ ಬಂದ ‘ಸಿಂಕ್ಲೇರ್ ಸ್ಪೆಕ್ಟ್ರಂ’ ಮನೆಯ ಟೀವಿಯನ್ನೇ ಪರದೆಯಾಗಿಯೂ, ಹಾಡು ಕೇಳುವ ಟೇಪ್‌ರೆಕಾರ್ಡರನ್ನೇ ಉಗ್ರಾಣವಾಗಿಯೂ ಬಳಸಿಕೊಂಡಿತು. ಕ್ಯಾಸೆಟ್ ತಿರುಗಿಸಿದರೆ ಕೀರಲು ಸದ್ದು, ಕೆಲವು ನಿಮಿಷ ಕಾದರೆ ಪರದೆಯಲ್ಲಿ ಆಟ. 1980ರ ದಶಕದ ಕೊನೆಯಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಈ ಯಂತ್ರವನ್ನು ಭಾರತದಲ್ಲೂ ತಯಾರಿಸಿ ಮಾರಿತು. ಸರ್ಕಾರ 1984-85ರಲ್ಲಿ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಮೊದಲಿಗೆ ದೇಶದ 250 ಶಾಲೆಗಳಿಗೆ ಇಂಗ್ಲೆಂಡಿನದೇ ಆದ ‘ಬಿಬಿಸಿ ಮೈಕ್ರೋ’ ಕಂಪ್ಯೂಟರ್ ಹೋಯಿತು. ಒಂದು ಪೀಳಿಗೆಯ ಮಕ್ಕಳು ಕಂಪ್ಯೂಟರ್ ಕಂಡದ್ದು ಹೀಗೆ.

ಈ ಯಂತ್ರಗಳ ಚಿತ್ರ ಒರಟೊರಟಾಗಿರುತ್ತಿತ್ತು. ಸ್ಪೆಕ್ಟ್ರಂ ಪರದೆಯಲ್ಲಿ ಅಡ್ಡಲಾಗಿ 256, ಉದ್ದಕ್ಕೆ 192 ಚುಕ್ಕೆ. ಅದಕ್ಕೆ ಕಾರಣ ಜಿಪುಣತನವೊಂದೇ ಅಲ್ಲ. ಟೀವಿಯ ಒಂದು ಗೆರೆ ಸೆಕೆಂಡಿನ ಹತ್ತು ಲಕ್ಷದಲ್ಲಿ 64 ಭಾಗದಷ್ಟು ಕಾಲ ಮಾತ್ರ ಇರುತ್ತದೆ. ಅದರಲ್ಲಿ ಕಣ್ಣಿಗೆ ಕಾಣುವುದು 52 ಭಾಗ. ಆ ಅವಧಿಯಲ್ಲಿ ಟೀವಿ ಸಂಕೇತ ಇಂತಿಷ್ಟು ಬಾರಿ ಮಾತ್ರ ಬೆಳಕು-ಕತ್ತಲೆ ಬದಲಿಸಬಲ್ಲದು. ಅದಕ್ಕೂ ಹೆಚ್ಚು ಚುಕ್ಕೆ ತುರುಕಿದರೆ ಒಂದರ ಮೇಲೊಂದು ಕಲಸಿಹೋಗುತ್ತವೆ. ಕಂಪ್ಯೂಟರ್ ಮಾಡಿದವರು ಟೀವಿಯ ಕಣ್ಣಳತೆಗೆ ತಕ್ಕ ಬಟ್ಟೆ ಹೊಲಿದರು.

1991ರ ಆರ್ಥಿಕ ಉದಾರೀಕರಣದ ನಂತರ ಚಿತ್ರವೇ ಬದಲಾಯಿತು. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ತಂದಿದ್ದ ‘ಫ್ಯಾಮಿಕಾಂ’ ಯಂತ್ರದ ಅಗ್ಗದ ನಕಲುಗಳು ಊರೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬಂದವು. ಹೆಸರು ನೂರೆಂಟು, ಒಳಗಿನ ಯಂತ್ರ ಒಂದೇ. ಅದಕ್ಕೆ ‘ವಿಡಿಯೋ ಗೇಮ್’ ಎಂದೇ ಹೆಸರು. ಅದರ ಮೇಲೆ ಸಿಕ್ಕಿಸುವ ಪ್ಲಾಸ್ಟಿಕ್ ಬಿಲ್ಲೆಗೆ ‘ಕ್ಯಾಸೆಟ್’ ಎಂದು ಹೆಸರು, ಒಳಗೆ ಟೇಪು ಇಲ್ಲದಿದ್ದರೂ. ಒಂದೇ ಬಿಲ್ಲೆಯಲ್ಲಿ 9999 ಆಟ ಎಂದು ಮೇಲೆ ಬರೆದಿರುತ್ತಿತ್ತು. ಹಾಕಿ ನೋಡಿದರೆ ಹತ್ತಿಪ್ಪತ್ತು ಆಟವೇ ಮತ್ತೆ ಮತ್ತೆ. ಬೇಸಗೆ ರಜೆಯಲ್ಲಿ ‘ಮಾರಿಯೋ’, ‘ಕಾಂಟ್ರಾ’ ಎಂಬ ಹೆಸರುಗಳು ಚೌಕಾಬಾರ, ಅಳುಗುಳಿಮಣೆಗಳ ಪಕ್ಕದಲ್ಲಿ ಬಂದು ಕುಳಿತವು.

ಮನೆಯಲ್ಲಿ ಇದ್ದದ್ದು ಒಂದೇ ಟೀವಿ. ಮಕ್ಕಳಿಗೆ ಆಟ ಬೇಕು, ಅಪ್ಪನಿಗೆ ಕ್ರಿಕೆಟ್ ಬೇಕು, ಅಜ್ಜಿಗೆ ಧಾರಾವಾಹಿ ಬೇಕು. ಜಗಳ ಮುಗಿಸಲು ಹಿರಿಯರು ಹಿಡಿದ ಅಸ್ತ್ರ ಒಂದೇ: ‘ಆಟ ಆಡಿದರೆ ಪಿಕ್ಚರ್ ಟ್ಯೂಬ್ ಹೋಗತ್ತೆ.’ ಇದು ಪೂರ್ತಿ ಸುಳ್ಳಲ್ಲ. ಟ್ಯೂಬಿನ ಒಳಗೋಡೆಗೆ ಬಳಿದ ರಂಜಕದ ಲೇಪ ಒಂದೇ ಕಡೆ ದಿನಗಟ್ಟಲೆ ಉರಿದರೆ ಅಲ್ಲಿ ಮಚ್ಚೆ ಉಳಿಯುತ್ತದೆ. ಅಂಗಡಿಗಳಲ್ಲಿ ವರ್ಷಗಟ್ಟಲೆ ಓಡಿದ ‘ಪ್ಯಾಕ್‌ಮ್ಯಾನ್’ ಯಂತ್ರಗಳನ್ನು ಆರಿಸಿದರೂ ಆಟದ ಗೋಡೆಗಳ ಗುರುತು ಗಾಜಿನ ಮೇಲೆ ಕಾಣುತ್ತಿತ್ತು. ಅಟಾರಿಯವರು ಇದನ್ನರಿತೇ ಯಾರೂ ಆಡದಿದ್ದಾಗ ಬಣ್ಣ ತಾನಾಗಿ ಬದಲಾಗುವಂತೆ ಮಾಡಿದ್ದರು. ಆದರೆ ಮಕ್ಕಳು ಸಂಜೆ ಒಂದು ಗಂಟೆ ಆಡಿದ್ದರಿಂದ ಟ್ಯೂಬ್ ಹೋಗುವ ಭಯ ಇರಲಿಲ್ಲ. ತಡವಾಗಿಯಾದರೂ ಆ ಮಕ್ಕಳಿಗೆ ಇಷ್ಟು ನ್ಯಾಯ ಸಲ್ಲಬೇಕು.

ಕಂಪ್ಯೂಟರ್ ಮುಂದೆ ಓಡಿತು

ಅಷ್ಟರಲ್ಲಿ ಕಂಪ್ಯೂಟರ್ ಟೀವಿಯ ಕೈಬಿಟ್ಟಿತು. 1987ರಲ್ಲಿ ಐಬಿಎಂ ತಂದ ‘ವಿಜಿಎ’ ಪದ್ಧತಿಯಲ್ಲಿ ಸೆಕೆಂಡಿಗೆ ಬರೆಯುವ ಗೆರೆಗಳು ಸುಮಾರು 31,500. ಟೀವಿಯ ಎರಡರಷ್ಟು. ಟೀವಿಯೊಳಗಿನ ಗೆರೆ ಎಳೆಯುವ ಸರ್ಕೀಟು 15,625ಕ್ಕೆ ಶ್ರುತಿ ಮಾಡಿದ ತಂಬೂರಿಯಂತೆ. ಅದಕ್ಕೆ ಇಮ್ಮಡಿ ವೇಗದ ಸಂಕೇತ ಕೊಟ್ಟರೆ ಹರಿದ ಚಿಂದಿಯಂಥ ಚಿತ್ರ ಬರುತ್ತದೆ. ಹೀಗಾಗಿ 1990ರ ದಶಕದಲ್ಲಿ ಮನೆಗೆ ಬಂದ ಕಂಪ್ಯೂಟರ್ ಒಂದು ಮೂಲೆಯಲ್ಲಿ, ಟೀವಿ ಇನ್ನೊಂದು ಮೂಲೆಯಲ್ಲಿ ಕುಳಿತವು. ನಡುವೆ ಮಾತಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ಬೆಳವಣಿಗೆ ನಡೆಯಿತು. 1978ರ ‘ಸ್ಪೇಸ್ ಇನ್‌ವೇಡರ್ಸ್’, 1980ರ ‘ಪ್ಯಾಕ್‌ಮ್ಯಾನ್’ ಮುಂತಾದ ಕಾಸಿನ ಆಟಗಳ ಯಂತ್ರಗಳು ಒಂದೊಂದಾಗಿ ಗುಜರಿ ಸೇರತೊಡಗಿದ್ದವು. ಪ್ರತಿ ಆಟಕ್ಕೂ ಪ್ರತ್ಯೇಕ ಯಂತ್ರ. ಯಂತ್ರ ಹೋದರೆ ಆಟವೇ ಹೋದಂತೆ. 1997ರ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬಾತ ‘ಮೇಮ್’ ಎಂಬ ತಂತ್ರಾಂಶ ಹೊರತಂದ. ಅದು ಹಳೆಯ ಯಂತ್ರಗಳ ಚಿಪ್ಪುಗಳ ನಡೆಯನ್ನು ಚಾಚೂ ತಪ್ಪದೆ ಅನುಕರಿಸುತ್ತದೆ. ಕಂಪ್ಯೂಟರ್ ತನ್ನನ್ನು ತಾನು ಆ ಹಳೆಯ ಯಂತ್ರವೆಂದು ನಂಬುವಂತೆ ಮಾಡುತ್ತದೆ. ಆ ಕಾಸಿನ ಯಂತ್ರಗಳಲ್ಲಿದ್ದದ್ದೂ ಟೀವಿಯ ಟ್ಯೂಬೇ, ಬಹುಪಾಲು ಟೀವಿಯ ಗೆರೆವೇಗವೇ. ಆದ್ದರಿಂದ ಆ ಆಟಗಳನ್ನು ಅವು ಇದ್ದಂತೆಯೇ ಕಾಣಬೇಕೆಂಬವರು ಕಂಪ್ಯೂಟರನ್ನು ಮತ್ತೆ ಹಳೆಯ ಟೀವಿಯ ಬಳಿಗೆ ಕರೆತಂದರು. ಮನೆಯ ಆರ್ಕೇಡ್ ಯಂತ್ರದ ಹವ್ಯಾಸ ಬೆಳೆದದ್ದು ಹೀಗೆ.

ಹಳೆಯ ಟ್ಯೂಬಿಗೆ ಇನ್ನೊಂದು ಗುಣವಿತ್ತು. ಬಂದ ಸಂಕೇತವನ್ನು ಅದು ಬಂದ ಕ್ಷಣದಲ್ಲೇ ಬೆಳಕಾಗಿಸುತ್ತದೆ. ಬಾತುಕೋಳಿಗೆ ಗುಂಡು ಹೊಡೆಯುವ ಪ್ಲಾಸ್ಟಿಕ್ ಬಂದೂಕಿನ ಆಟವನ್ನು ಅನೇಕರು ಆಡಿರಬಹುದು. ಆ ಬಂದೂಕು ಏನನ್ನೂ ಹಾರಿಸುತ್ತಿರಲಿಲ್ಲ. ಕುದುರೆ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತಿತ್ತು. ಬಂದೂಕಿನ ನಳಿಗೆಯೊಳಗಿನ ಬೆಳಕಿನ ಕಣ್ಣು ಆ ಬಿಳುಪನ್ನು ಕಂಡರೆ ಗುರಿ ಮುಟ್ಟಿದಂತೆ. ಚಪ್ಪಟೆ ಟೀವಿಯಲ್ಲಿ ಆ ಬಂದೂಕು ಕೆಲಸ ಮಾಡದು. ಚಪ್ಪಟೆ ಟೀವಿ ಚಿತ್ರವನ್ನು ಮೊದಲು ತಿದ್ದಿ ತೀಡಿ ಆ ಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಬಂದೂಕಿನ ಕಣ್ಣು ಮುಚ್ಚಿರುತ್ತದೆ.

ಈಗ ಜೋಡಿಸುವುದು ಹೇಗೆ

ಮಕ್ಕಳು ಕೇಳಲೆಂದೇ ಬಂದಿರುವ ವಿಷಯ ಇದು. ಈ ಕೆಲಸಕ್ಕೆ ದೊಡ್ಡ ಕಂಪ್ಯೂಟರ್ ಬೇಡ. ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಸಾಕು. ಇಲ್ಲವೇ 2012ರಲ್ಲಿ ಇಂಗ್ಲೆಂಡಿನಿಂದ ಬಂದ ‘ರಾಸ್‌ಬೆರಿ ಪೈ’ ಎಂಬ ಅಂಗೈ ಅಗಲದ ಕಂಪ್ಯೂಟರ್ ಸಾಕು.

ಮನೆಯಲ್ಲಿರುವುದು ಚಪ್ಪಟೆ ಟೀವಿಯಾದರೆ ಕೆಲಸ ಸುಲಭ. ಎಚ್‌ಡಿಎಂಐ ಎಂಬ ಒಂದೇ ತಂತಿಯಲ್ಲಿ ಚಿತ್ರ, ಶಬ್ದ ಎರಡೂ ಹೋಗುತ್ತವೆ. ಗುಂಡಿ ಒತ್ತಿದ ಮೇಲೆ ತಡವಾಗಿ ಜಿಗಿಯುತ್ತಿದೆ ಎನಿಸಿದರೆ ಟೀವಿಯ ಪಟ್ಟಿಯಲ್ಲಿ ‘ಗೇಮ್ ಮೋಡ್’ ಹುಡುಕಿ ಹಾಕಬೇಕು. ಆಗ ಟೀವಿ ತಿದ್ದಿ ತೀಡುವ ಕೆಲಸ ಕಡಿಮೆ ಮಾಡುತ್ತದೆ. ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ಅದು ಟ್ಯೂಬಿನ ಕಾಲದ ಪಳೆಯುಳಿಕೆ. ಟ್ಯೂಬಿನ ಅಂಚು ಸೊಟ್ಟಗಿರುತ್ತಿದ್ದರಿಂದ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುವ ರೂಢಿ ಇತ್ತು. ಅದನ್ನೂ ಪಟ್ಟಿಯಲ್ಲೇ ಸರಿಪಡಿಸಬಹುದು.

ಟ್ಯೂಬಿನ ಟೀವಿಯಾದರೆ ಬೆನ್ನು ನೋಡಬೇಕು. ಹಳದಿ, ಬಿಳಿ, ಕೆಂಪು ತೂತುಗಳಿದ್ದರೆ ಅದು ಎವಿ ಇರುವ ಸೆಟ್ಟು. ಹಳದಿ ಚಿತ್ರಕ್ಕೆ, ಉಳಿದೆರಡು ಶಬ್ದಕ್ಕೆ. ರಾಸ್‌ಬೆರಿ ಪೈನ ಹಲವು ಮಾದರಿಗಳಿಂದ ಈ ಹಳದಿ ಸಂಕೇತ ನೇರವಾಗಿ ಸಿಗುತ್ತದೆ. ಲ್ಯಾಪ್‌ಟಾಪ್ ಆದರೆ ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಪುಟ್ಟ ಡಬ್ಬಿ ಬೇಕು. ಅದರ ಪಕ್ಕದಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂದು ಬರೆದ ಗುಂಡಿ ಇದ್ದರೆ ಪಾಲ್ ಕಡೆಗೆ ತಳ್ಳಬೇಕು. ಮರೆತರೆ ಅದೇ ಹಳೆಯ ಕಥೆ, ಚಿತ್ರ ಉರುಳುತ್ತದೆ ಅಥವಾ ಬಣ್ಣ ಹೋಗುತ್ತದೆ.

ಎವಿ ಇಲ್ಲದೆ ಆಂಟೆನಾ ಕಿವಿ ಮಾತ್ರ ಇರುವ ಸೆಟ್ಟಾದರೆ ಮತ್ತೆ ಮಾಡ್ಯುಲೇಟರ್ ಬೇಕು. ಅದನ್ನು ಹುಡುಕುವ ಮೊದಲು ಅಟ್ಟದ ಮೇಲೆ ನೋಡುವುದು ಒಳ್ಳೆಯದು. ಹಳೆಯ ವಿಸಿಆರ್ ಇದ್ದರೆ ಅದರೊಳಗೇ ಮಾಡ್ಯುಲೇಟರ್ ಇದೆ. ಎವಿ ತಂತಿಯನ್ನು ಅದಕ್ಕೆ ಕೊಟ್ಟು, ಅದರ ಆಂಟೆನಾ ತಂತಿಯನ್ನು ಟೀವಿಗೆ ಕೊಟ್ಟರೆ ಆಯಿತು. ಕ್ಯಾಸೆಟ್ ಓಡಿಸುವ ಭಾಗ ಕೆಟ್ಟಿದ್ದರೂ ಬಾಧಕವಿಲ್ಲ.

ಉಳಿದದ್ದು ಮರಗೆಲಸ. ಊರಿನ ಬಡಗಿಯವರಿಂದ ಪ್ಲೈವುಡ್ಡಿನ ಪೆಟ್ಟಿಗೆ, ಅದರ ಮೇಲೆ ಒಂದು ಹಿಡಿಕೋಲು, ಆರೆಂಟು ಗುಂಡಿ. ಪ್ರತಿ ಗುಂಡಿಯ ಕೆಳಗೆ ಕಟ್ ಎಂದು ಸದ್ದು ಮಾಡುವ ಮೈಕ್ರೋಸ್ವಿಚ್. ಈ ಸ್ವಿಚ್ಚುಗಳನ್ನೆಲ್ಲ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ತಿಳಿಸುವ ಒಂದು ಹಲಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥ ಸಾಮಾನು ಸಿಗುತ್ತವೆ. ಒಂದು ಮಾತು ಮಾತ್ರ ನೆನಪಿರಲಿ. ‘ಮೇಮ್’ ಉಚಿತ, ಆದರೆ ಆಟಗಳಿಗೆ ಹಕ್ಕುದಾರರಿದ್ದಾರೆ. ಹಕ್ಕು ಬಿಟ್ಟುಕೊಟ್ಟ ಆಟಗಳೂ, ದುಡ್ಡು ಕೊಟ್ಟು ಪಡೆಯಬಹುದಾದ ಆಟಗಳೂ ಇವೆ. ಅವುಗಳಿಂದ ಆರಂಭಿಸುವುದು ಒಳಿತು.

ಮುಟ್ಟಬಾರದ ಜಾಗ

ಇಲ್ಲಿ ದೊಡ್ಡವರೂ ಗಮನ ಕೊಡಬೇಕು. ಎವಿ ಇಲ್ಲದ ಹಳೆಯ ಸೆಟ್ಟನ್ನು ಬಿಚ್ಚಿ, ಒಳಗಿನ ಸರ್ಕೀಟಿಗೆ ತಂತಿ ಬೆಸೆದು ತಾವೇ ಎವಿ ತೂತು ಮಾಡಿಕೊಳ್ಳುವ ಆಸೆ ಹವ್ಯಾಸಿಗಳಿಗೆ ಬರುತ್ತದೆ. ಅದು ಪ್ರಾಣಕ್ಕೆ ಎರವಾದೀತು. ಹಳೆಯ ಅನೇಕ ಸೆಟ್ಟುಗಳಲ್ಲಿ ಖರ್ಚು ಉಳಿಸಲು ಟ್ರಾನ್ಸ್‌ಫಾರ್ಮರ್ ಹಾಕುತ್ತಿರಲಿಲ್ಲ. ಗೋಡೆಯ 230 ವೋಲ್ಟ್ ಸಂಪರ್ಕ ಒಳಗಿನ ಲೋಹದ ಚೌಕಟ್ಟಿಗೇ ಇರುತ್ತಿತ್ತು. ಹೊರಗಿನ ಮರದ ಅಥವಾ ಪ್ಲಾಸ್ಟಿಕ್ ಕವಚವೇ ರಕ್ಷೆ. ಅಂಥ ಚೌಕಟ್ಟಿಗೆ ತಂತಿ ಬೆಸೆದರೆ ಆ ವಿದ್ಯುತ್ತು ಕಂಪ್ಯೂಟರಿಗೂ, ಮಗುವಿನ ಕೈಯಲ್ಲಿರುವ ಹಿಡಿಕೋಲಿಗೂ ಬರುತ್ತದೆ. ಆಂಟೆನಾ ಕಿವಿಗೆ ಮಾತ್ರ ತಯಾರಿಸಿದವರೇ ತಡೆ ಇಟ್ಟಿರುತ್ತಾರೆ. ಮೊದಲ ಕಾಲದವರು ಮಾಡ್ಯುಲೇಟರಿನ ಸುತ್ತುದಾರಿ ಹಿಡಿದದ್ದು ಪೆದ್ದುತನದಿಂದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಅಪಾಯ ಪಿಕ್ಚರ್ ಟ್ಯೂಬಿನದು. ಬಣ್ಣದ ಟ್ಯೂಬು ಸುಮಾರು 25,000 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಗಾಜಿನಲ್ಲಿ ಹೊತ್ತುಗಟ್ಟಲೆ ಉಳಿಯಬಹುದು. ಟ್ಯೂಬಿನ ಬೆನ್ನಿಗೆ ಅಂಟಿದ ರಬ್ಬರ್ ಟೊಪ್ಪಿಯ ಹತ್ತಿರ ಬಲ್ಲವರಲ್ಲದೆ ಯಾರೂ ಕೈ ಹಾಕಬಾರದು. ಬಲ್ಲವರು ಯಾರು ಎಂದರೆ ಊರಿನ ಟೀವಿ ರಿಪೇರಿಯವರು. ಅವರೂ ಈಗ ಬಹುಪಾಲು ಮೊಬೈಲ್ ರಿಪೇರಿಗೆ ಇಳಿದಿದ್ದಾರೆ.

ಉಳಿಯಬೇಕಾದದ್ದು

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಒಂದು ಕಾಲಕ್ಕೆ ಕಪ್ಪು ಬಿಳುಪು ಪಿಕ್ಚರ್ ಟ್ಯೂಬುಗಳನ್ನು ತಯಾರಿಸುತ್ತಿತ್ತು. ಆ ಕಾಲ ಮುಗಿದಿದೆ. 2022ರ ವೇಳೆಗೆ ದೂರದರ್ಶನ ತನ್ನ ಹಳೆಯ ಮಾದರಿಯ ನೆಲದ ಪ್ರಸಾರ ಕೇಂದ್ರಗಳಲ್ಲಿ ಬಹುಪಾಲನ್ನು ನಿಲ್ಲಿಸಿತು. ಮಹಡಿ ಮೇಲಿನ ಕೊಳವೆಗಳು ಎಲ್ಲಾದರೂ ಉಳಿದಿದ್ದರೆ ಬಟ್ಟೆ ಒಣಹಾಕುವ ತಂತಿ ಕಟ್ಟಲು ಉಳಿದಿವೆ. ಟ್ಯೂಬಿನ ಟೀವಿಗಳು ಗುಜರಿಯವರ ತಳ್ಳುಗಾಡಿ ಏರುತ್ತಿವೆ. ಒಳಗಿನ ತಾಮ್ರಕ್ಕಾಗಿ ಅವುಗಳನ್ನು ಒಡೆಯುತ್ತಾರೆ. ದೊಡ್ಡ ಬಣ್ಣದ ಟ್ಯೂಬಿನ ಗಾಜಿನಲ್ಲಿ ಒಂದು ಕಿಲೋಗಿಂತ ಹೆಚ್ಚು ಸೀಸ ಇರಬಹುದು. ಒಡೆದ ಗಾಜು ಕೆರೆಯಂಗಳಕ್ಕೋ ಹಳ್ಳಕ್ಕೋ ಬಿದ್ದರೆ ಆ ಸೀಸ ನೀರು ಸೇರುತ್ತದೆ. ಇ-ತ್ಯಾಜ್ಯದ ನಿಯಮಗಳು 2012ರಿಂದಲೇ ಜಾರಿಯಲ್ಲಿವೆ. ಹೇಮಾವತಿಯ ನೀರು ಕುಡಿಯುವ ಊರುಗಳು ಅದನ್ನು ಮರೆಯಬಾರದು.

ಹಾಗೆಂದು ಎಲ್ಲ ಹಳೆಯ ಟೀವಿಗಳನ್ನೂ ಕಾಪಾಡಲು ಆಗದು, ಕಾಪಾಡಬೇಕಾಗಿಯೂ ಇಲ್ಲ. ಆದರೆ ಓಡುತ್ತಿರುವ ಒಂದು ಸೆಟ್ಟು ಮನೆಯಲ್ಲಿದ್ದರೆ, ಅದನ್ನು ಗುಜರಿಗೆ ಹಾಕುವ ಮುನ್ನ ಒಂದು ಬೇಸಗೆ ರಜೆಯ ಮಟ್ಟಿಗೆ ಮಕ್ಕಳಿಗೆ ಬಿಟ್ಟುಕೊಡಬಹುದು. ಇಂದಿನ ಮಕ್ಕಳಿಗೆ ಚಿತ್ರಗಳಿಗೆ ಬರವಿಲ್ಲ. ಅಂಗೈಯಲ್ಲೇ ಸಾವಿರ ಚಿತ್ರ. ಬರ ಇರುವುದು ಆ ಚಿತ್ರ ಎಲ್ಲಿಂದ ಬಂತು, ಹೇಗೆ ಬಂತು ಎಂದು ಕೇಳುವುದಕ್ಕೆ. ತಪ್ಪು ತಂತಿ ಸಿಕ್ಕಿಸಿ, ಚಿತ್ರ ಉರುಳಿ, ಬಣ್ಣ ಹೋಗಿ, ಮತ್ತೆ ಸರಿಪಡಿಸಿದ ಹುಡುಗಿಗೆ ಆ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಸಾಲಗಾಮೆ ರಸ್ತೆಯ ಬೋಗುಣಿಗಳ ಹಿಂದೆ ಕೆಲಸ ಮಾಡುವವರೂ ಇಂಥ ಪ್ರಶ್ನೆಗಳಿಂದಲೇ ಅಲ್ಲಿಗೆ ತಲುಪಿದವರು.

ಆಗ ಮನೆಯ ದೃಶ್ಯ ಹೀಗಿರುತ್ತದೆ. ಟೀವಿಯ ಹಿಂದೆ ಮೊಮ್ಮಗಳು ತಂತಿ ಹಿಡಿದು ಕುಳಿತಿರುತ್ತಾಳೆ. ಮುಂದೆ, ಒಂದು ಕಾಲದಲ್ಲಿ ಮಹಡಿ ಮೇಲೆ ಕೊಳವೆ ತಿರುಗಿಸುತ್ತಿದ್ದ ಹುಡುಗ, ಈಗ ಕನ್ನಡಕ ಹಾಕಿಕೊಂಡ ಅಜ್ಜ. ಅವಳು ಕೇಳುವುದು ಅದೇ ಹಳೆಯ ಪ್ರಶ್ನೆ: ‘ಬಂತಾ ತಾತ?’ ಉತ್ತರ ಹೇಳಲು ಅವರಿಗೆ ಚೆನ್ನಾಗಿ ಬರುತ್ತದೆ.